ಟಾಲೂಯಿನ್ ಡ್ರಮ್ಮು ಬಂದರಿನಿಂದ ಪೀಣ್ಯಕ್ಕೆ: ಅಪಾಯಕಾರಿ ರಾಸಾಯನಿಕ ತರಿಸುವುದು, ಕಳಿಸುವುದು ಹೇಗೆ?

ಪೀಣ್ಯದಲ್ಲಿ ನಿಮ್ಮದೊಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ಬಣ್ಣಕ್ಕೆ ಬೆರೆಸುವ ಥಿನ್ನರ್ ಮಾಡುತ್ತೀರಿ. ಅದಕ್ಕೆ ಟಾಲೂಯಿನ್ ಬೇಕು. ಇಷ್ಟು ದಿನ ಡೀಲರ್ ಹತ್ತಿರ ಕೊಳ್ಳುತ್ತಿದ್ದಿರಿ. ಈಗ ಹೊರದೇಶದಿಂದ ನೇರವಾಗಿ ಒಂದು ಕಂಟೇನರ್ ತರಿಸೋಣ ಅನ್ನಿಸಿದೆ. 200 ಲೀಟರಿನ 80 ಡ್ರಮ್, ಇಪ್ಪತ್ತು ಅಡಿಯ ಕಂಟೇನರ್.

ಬಟ್ಟೆ, ಬೊಂಬೆ ತರಿಸಿದ ಹಾಗಲ್ಲ ಇದು. ಟಾಲೂಯಿನ್‌ನ ಫ್ಲ್ಯಾಶ್ ಪಾಯಿಂಟ್, ಅಂದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ಉಷ್ಣತೆ, 4 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ಡಿಸೆಂಬರ್ ರಾತ್ರಿಯ ಚಳಿಯಲ್ಲೂ ಅದರ ಆವಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಹಾಗಾಗಿ ಇದಕ್ಕೆ ಕಾಗದಪತ್ರ ಜಾಸ್ತಿ. ಒಂದೊಂದಾಗಿ ನೋಡೋಣ.

ಮೊದಲು ಹೆಸರು ಸರಿಮಾಡಿಕೊಳ್ಳಿ

ಆರ್ಡರ್ ಕೊಡುವ ಮೊದಲೇ ಮಾರುವವರಿಂದ ಸೇಫ್ಟಿ ಡೇಟಾ ಶೀಟ್ ತರಿಸಿಕೊಳ್ಳಿ. ಎಲ್ಲರೂ ಎಸ್‌ಡಿಎಸ್ ಎನ್ನುತ್ತಾರೆ. ಹಳಬರು ಈಗಲೂ ಎಂಎಸ್‌ಡಿಎಸ್ ಅಂತಲೇ ಕರೆಯುತ್ತಾರೆ. ಅದರಲ್ಲಿ 16 ಭಾಗಗಳಿರುತ್ತವೆ. ಬಹಳ ಜನ ಅದನ್ನು ಓದದೆ ಸುಮ್ನೆ ಫೈಲಿಗೆ ಸೇರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪೂರ್ತಿ ಓದಲು ಅರ್ಧ ಗಂಟೆ ಸಾಕು. 4ನೇ ಭಾಗದಲ್ಲಿ ಪ್ರಥಮ ಚಿಕಿತ್ಸೆ, 5ರಲ್ಲಿ ಬೆಂಕಿ ಆರಿಸುವ ಬಗೆ, 6ರಲ್ಲಿ ಚೆಲ್ಲಿದರೆ ಏನು ಮಾಡಬೇಕು ಎಂಬುದು ಇರುತ್ತದೆ. 14ನೇ ಭಾಗ ಸಾಗಣೆಯದು. ಕಸ್ಟಮ್ಸ್ ಕೆಲಸಕ್ಕೆ ಮುಖ್ಯವಾಗಿ ಬೇಕಾಗುವುದು ಇದೇ.

ಎಸ್‌ಡಿಎಸ್‌ನಿಂದ ಮೂರು ನಂಬರ್ ಬರೆದುಕೊಳ್ಳಿ. ಸಿಎಎಸ್ ನಂಬರ್ ಆ ರಾಸಾಯನಿಕದ ಗುರುತು. ಟಾಲೂಯಿನ್‌ಗೆ 108-88-3. ಯುಎನ್ ನಂಬರ್ ಸಾಗಣೆಯ ಗುರುತು. ಇಲ್ಲಿ 1294. ಮೂರನೆಯದು ಅಪಾಯದ ವರ್ಗ. ಒಟ್ಟು 9 ವರ್ಗಗಳಿವೆ. ಹೊತ್ತಿಕೊಳ್ಳುವ ದ್ರವ 3ನೇ ವರ್ಗ, ವಿಷ 6, ಸುಡುವ ಆಮ್ಲ ಮತ್ತು ಕ್ಷಾರ 8. ಇವುಗಳ ಜೊತೆಗೆ ಕಸ್ಟಮ್ಸ್‌ನವರ ಎಂಟು ಅಂಕಿಯ ಎಚ್‌ಎಸ್ ಕೋಡ್ ಬೇಕು. ಟಾಲೂಯಿನ್‌ಗೆ ಅದು 29023000. ಸುಂಕ ಎಷ್ಟು, ಆಮದು ಮುಕ್ತವೋ ನಿರ್ಬಂಧಿತವೋ ಎಂಬುದೆಲ್ಲ ತೀರ್ಮಾನವಾಗುವುದು ಈ ಕೋಡ್‌ನಿಂದ.

ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸರಕಿನ ರಸೀದಿ), ಎಸ್‌ಡಿಎಸ್, ಡ್ರಮ್ಮಿನ ಲೇಬಲ್, ಈ ಐದರಲ್ಲೂ ಹೆಸರು ಒಂದೇ ಇರಬೇಕು. ನಾನು ಕೆಲಸ ಕಲಿಯುತ್ತಿದ್ದ ಹೊಸತರಲ್ಲಿ ಒಂದು ಸರಕಿನ ಇನ್‌ವಾಯ್ಸ್‌ನಲ್ಲಿ ಟಾಲೂಯಿನ್ ಅಂತಲೂ ಎಸ್‌ಡಿಎಸ್‌ನಲ್ಲಿ ಮೀಥೈಲ್‌ಬೆಂಜೀನ್ ಅಂತಲೂ ಇತ್ತು. ಎರಡೂ ಒಂದೇ ವಸ್ತು. ಆದರೆ ಕಾಗದ ನೋಡುವವರಿಗೆ ಅದು ಎರಡು ವಸ್ತುವಾಗಿ ಕಂಡಿತು. ಸ್ಯಾಂಪಲ್ ಲ್ಯಾಬ್‌ಗೆ ಹೋಯಿತು, ಕಂಟೇನರ್ ಯಾರ್ಡ್‌ನಲ್ಲೇ ಉಳಿಯಿತು. ಆಗಿನಿಂದ ನಾನು ಮಾರುವವರು ಕಳಿಸುವ ಪ್ರತಿ ಕಾಗದದ ಡ್ರಾಫ್ಟನ್ನು, ಹಡಗು ಹತ್ತುವ ಮೊದಲೇ, ಅಕ್ಷರ ಅಕ್ಷರ ಹೋಲಿಸಿ ನೋಡುತ್ತೇನೆ.

ಯಾರ ಅನುಮತಿ ಬೇಕು?

ಯಾವುದೇ ಆಮದಿಗೆ ಬೇಕಾದ ಐಇಸಿ, ಅಂದರೆ ಆಮದು-ರಫ್ತು ಕೋಡ್, ಇದಕ್ಕೂ ಬೇಕು. ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಜಾಲತಾಣದಲ್ಲಿ 500 ರೂಪಾಯಿ ಕಟ್ಟಿದರೆ ಸಿಗುತ್ತದೆ. ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಲು ಮರೆಯಬೇಡಿ.

ಉಳಿದ ಅನುಮತಿಗಳು ಒಂದೊಂದು ರಾಸಾಯನಿಕಕ್ಕೆ ಒಂದೊಂದು ಥರ. ಟಾಲೂಯಿನ್ ದ್ರವ ಹೈಡ್ರೋಕಾರ್ಬನ್. ಹಾಗಾಗಿ 1934ರ ಪೆಟ್ರೋಲಿಯಂ ಕಾಯ್ದೆಗೆ ಬರುತ್ತದೆ. ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆ ಇರುವುದರಿಂದ ಅದು ಎ ದರ್ಜೆ. ಈ ದರ್ಜೆಯಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದದ್ದು ಬರೀ 30 ಲೀಟರ್, ಅದೂ ಮಾರಾಟಕ್ಕಲ್ಲದಿದ್ದರೆ. ನೀವು ತರಿಸುತ್ತಿರುವುದು 16,000 ಲೀಟರ್! ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಲೈಸೆನ್ಸ್ ಮೊದಲು ಕೈಯಲ್ಲಿರಬೇಕು. ಗೋಡೌನಿನ ನಕ್ಷೆ, ಸುತ್ತ ಬಿಡಬೇಕಾದ ಜಾಗ, ವಿದ್ಯುತ್ ಜೋಡಣೆ ಎಲ್ಲವನ್ನೂ ಅವರು ನೋಡುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ. ಸರಕು ಹಡಗಿನಲ್ಲಿರುವಾಗ ಅರ್ಜಿ ಹಾಕಿದರೆ ಆಗದು.

ಅಸಿಟಿಕ್ ಅನ್‌ಹೈಡ್ರೈಡ್‌ನ ಕಥೆ ಬೇರೆ. ಔಷಧ, ಬಣ್ಣದ ಕಾರ್ಖಾನೆಗಳಿಗೆ ಅದು ಬೇಕು. ಹೆರಾಯಿನ್ ಮಾಡುವವರಿಗೂ ಅದೇ ಬೇಕು. ಆದ್ದರಿಂದ 2013ರ ಆದೇಶದ ಪ್ರಕಾರ ಗ್ವಾಲಿಯರ್‌ನಲ್ಲಿರುವ ಮಾದಕವಸ್ತು ಆಯುಕ್ತರ ನಿರಾಕ್ಷೇಪಣಾ ಪತ್ರ ಇಲ್ಲದೆ ಅದನ್ನು ತರಿಸುವಂತಿಲ್ಲ, ಕಳಿಸುವಂತಿಲ್ಲ. ಅಮೋನಿಯಂ ನೈಟ್ರೇಟ್‌ಗೆ 2012ರ ಪ್ರತ್ಯೇಕ ನಿಯಮಗಳಿವೆ. ಕೀಟನಾಶಕಕ್ಕೆ 1968ರ ಕಾಯ್ದೆ ಇದೆ. ಕೆಲವಕ್ಕೆ ಐಎಸ್‌ಐ ಗುರುತು ಕಡ್ಡಾಯ. ಆ ಪಟ್ಟಿ ಆಗಾಗ ಬದಲಾಗುತ್ತದೆ, ಪ್ರತಿ ಆರ್ಡರ್‌ಗೂ ಹೊಸದಾಗಿ ನೋಡಬೇಕು.

ಡ್ರಮ್ಮಿನ ಮೇಲಿನ ಗುರುತು

ಅಪಾಯಕಾರಿ ಸರಕಿನ ಡ್ರಮ್ಮಿನ ಮೇಲೆ ಯುಎನ್ ಗುರುತು ಒತ್ತಿರುತ್ತಾರೆ. ಬೀಳಿಸಿ, ಒತ್ತಿ, ಸೋರುತ್ತದೆಯೇ ಎಂದು ನೋಡಿ ಪಾಸಾದ ಡ್ರಮ್ಮಿಗೆ ಮಾತ್ರ ಅದು ಸಿಗುತ್ತದೆ. ಅದರಲ್ಲಿ ಎಕ್ಸ್, ವೈ, ಝಡ್ ಎಂಬ ಅಕ್ಷರಗಳಲ್ಲಿ ಒಂದು ಇರುತ್ತದೆ. ಎಕ್ಸ್ ಇದ್ದರೆ ಅತಿ ಹೆಚ್ಚು ಅಪಾಯದ ವಸ್ತುವಿಗೂ ಸರಿ. ವೈ ಮಧ್ಯಮದ್ದು. ಝಡ್ ಕಡಿಮೆ ಅಪಾಯದ್ದಕ್ಕೆ ಮಾತ್ರ. ಟಾಲೂಯಿನ್ ಮಧ್ಯಮ ಗುಂಪಿನದು, ಹಾಗಾಗಿ ಎಕ್ಸ್ ಅಥವಾ ವೈ ಇರಲೇಬೇಕು. ಲೋಡ್ ಮಾಡುವ ಮೊದಲು ಈ ಗುರುತಿನ ಫೋಟೋ ಕಳಿಸಿ ಎಂದು ಮಾರುವವರನ್ನು ಕೇಳಿ. ಇದರಲ್ಲಿ ಸಂಕೋಚ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? 2021ರ ಮೇ ತಿಂಗಳಲ್ಲಿ ಕೊಲಂಬೊ ಹತ್ತಿರ ಎಕ್ಸ್‌-ಪ್ರೆಸ್ ಪರ್ಲ್ ಎಂಬ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ 25 ಟನ್ ನೈಟ್ರಿಕ್ ಆಮ್ಲ ಇತ್ತು. ಬೆಂಕಿಗೂ ಮೊದಲೇ ಆಮ್ಲದ ಒಂದು ಕಂಟೇನರ್ ಸೋರುತ್ತಿತ್ತು. ಅದನ್ನು ಇಳಿಸಲು ಕತಾರ್‌ನ ಹಮದ್ ಬಂದರಿನಲ್ಲೂ ಗುಜರಾತಿನ ಹಜೀರಾದಲ್ಲೂ ಆಗಲಿಲ್ಲ. ಕೊನೆಗೆ ಹಡಗೇ ಮುಳುಗಿತು. ಅದರಲ್ಲಿದ್ದ ಪ್ಲಾಸ್ಟಿಕ್ ಹರಳುಗಳು ಶ್ರೀಲಂಕಾದ ಪಶ್ಚಿಮ ದಡವನ್ನು ಮುಚ್ಚಿದವು, ಮೀನುಗಾರರು ಕಡಲಿಗೆ ಇಳಿಯುವಂತಿರಲಿಲ್ಲ.

ಮುಂಚೆಯೇ ತಿಳಿಸಬೇಕು

1989ರ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳ 18ನೇ ನಿಯಮವನ್ನು ಬಹಳ ಆಮದುದಾರರು ಕಡೆಗಣಿಸುತ್ತಾರೆ. ಸರಕು ಬರುವ 30 ದಿನ ಮೊದಲು, ಆಗದಿದ್ದರೆ ಬರುವ ದಿನದೊಳಗಾದರೂ, 5ನೇ ಅನುಸೂಚಿಯಲ್ಲಿ ಹೆಸರಿಸಿದ ಅಧಿಕಾರಿಗೆ ಪತ್ರ ಕೊಡಬೇಕು. ಪಡೆಯುವವರ ಹೆಸರು ವಿಳಾಸ, ಯಾವ ಬಂದರು, ಹೇಗೆ ಬರುತ್ತಿದೆ, ಎಷ್ಟು ಪ್ರಮಾಣ, ಸುರಕ್ಷತೆಯ ಪೂರ್ತಿ ಮಾಹಿತಿ. ಇಷ್ಟೇ. ಎರಡು ಪುಟದ ಕೆಲಸ.

ಈ ನಿಯಮ ಹುಟ್ಟಿದ್ದು ಭೋಪಾಲದಿಂದ. 1984ರ ಡಿಸೆಂಬರ್ 2ರ ರಾತ್ರಿ ಮೀಥೈಲ್ ಐಸೊಸಯನೇಟ್ ಸೋರಿದಾಗ ಆಸ್ಪತ್ರೆಗೆ ಸಾವಿರಾರು ಜನ ಓಡಿಬಂದರು. ಅವರು ಉಸಿರಾಡಿದ್ದು ಏನನ್ನು, ಅದಕ್ಕೆ ಚಿಕಿತ್ಸೆ ಏನು ಎಂಬ ಮಾಹಿತಿ ಡಾಕ್ಟರುಗಳ ಹತ್ತಿರ ಇರಲಿಲ್ಲ. ಎಸ್‌ಡಿಎಸ್‌ನ 4ನೇ ಭಾಗ ಓದುವಾಗಲೆಲ್ಲ ನನಗೆ ಆ ಆಸ್ಪತ್ರೆಯ ವರಾಂಡ ನೆನಪಾಗುತ್ತದೆ. ನಾನು ಅದನ್ನು ಕಂಡಿದ್ದು ಫೋಟೋದಲ್ಲಿ ಮಾತ್ರ.

ಕಸ್ಟಮ್ಸ್ ಬಾಗಿಲಲ್ಲಿ

ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಘೋಷಣಾ ಪತ್ರ, ಹಾಕುವ ಕೆಲಸಕ್ಕೆ ಕಸ್ಟಮ್ಸ್ ಬ್ರೋಕರ್ ಬೇಕಾಗುತ್ತಾರೆ. ಬಂದರಿನಲ್ಲಿ ಈಗಲೂ ಅವರನ್ನು ಸಿಎಚ್‌ಎ ಅಂತಲೇ ಕರೆಯುತ್ತಾರೆ. ಕಡಿಮೆ ಫೀಸಿನವರನ್ನಲ್ಲ, ಅಪಾಯಕಾರಿ ಸರಕು ಮಾಡಿ ಅನುಭವ ಇರುವವರನ್ನು ಹಿಡಿಯಿರಿ. ಐಸ್‌ಗೇಟ್ ಎಂಬ ಕಸ್ಟಮ್ಸ್ ಜಾಲದಲ್ಲಿ ಅರ್ಜಿ ಹೋಗುತ್ತದೆ, ದಾಖಲೆಗಳನ್ನು ಅದರದೇ ಇ-ಸಂಚಿತ್‌ನಲ್ಲಿ ಏರಿಸುತ್ತಾರೆ. ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಹಾಕಿರಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಇದಲ್ಲದೆ ಸರಕು ಅಲ್ಲೇ ಉಳಿದದ್ದಕ್ಕೆ ಬಂದರಿನವರ ಡೆಮರೇಜ್, ಕಂಟೇನರ್ ತಡವಾಗಿ ಮರಳಿಸಿದ್ದಕ್ಕೆ ಹಡಗು ಕಂಪನಿಯ ಡಿಟೆನ್ಷನ್ ಬೇರೆ.

ಸುಂಕದ ಲೆಕ್ಕ ಹೀಗೆ. ಸರಕಿನ ಬೆಲೆ 10 ಲಕ್ಷ, ಮೂಲ ಸುಂಕ ಶೇ 7.5 ಎಂದು ಇಟ್ಟುಕೊಳ್ಳೋಣ. ನಿಜವಾದ ದರವನ್ನು ಆ ದಿನದ ಪಟ್ಟಿಯಲ್ಲಿ ನೋಡಿ. ಮೂಲ ಸುಂಕ 75,000. ಅದರ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್‌ಚಾರ್ಜ್ 7,500. ಈಗ 10,82,500ರ ಮೇಲೆ ಶೇ 18ರ ಐಜಿಎಸ್‌ಟಿ 1,94,850. ಒಟ್ಟು 2,77,350. ಐಜಿಎಸ್‌ಟಿ ಆಮೇಲೆ ಕ್ರೆಡಿಟ್ ಆಗಿ ಸಿಗುತ್ತದೆ, ಆದರೆ ಮೊದಲು ಕೈಯಿಂದ ಕಟ್ಟಲೇಬೇಕು. ಕೆಲವು ರಾಸಾಯನಿಕಗಳಿಗೆ ಕೆಲವು ದೇಶಗಳ ಮೇಲೆ ಆ್ಯಂಟಿ ಡಂಪಿಂಗ್ ಸುಂಕವೂ (ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಸುಂಕ) ಇರುತ್ತದೆ. ಅದನ್ನು ನೋಡದೆ ಬೆಲೆ ಕುದುರಿಸಿದರೆ ಲಾಭವೆಲ್ಲ ಹೋಗುತ್ತದೆ.

ಲೈಸೆನ್ಸ್ ಇಲ್ಲದೆ ಸರಕು ತರಿಸಿದರೆ ದಂಡವಷ್ಟೇ ಅಲ್ಲ, ಆ ಸರಕು ಬಂದರಿನ ಪಕ್ಕದ ಜನರ ತಲೆಯ ಮೇಲೆ ಕೂರುತ್ತದೆ. ಚೆನ್ನೈನ ಮನಲಿಯ ಗೋದಾಮಿನಲ್ಲಿ 2015ರಲ್ಲಿ ಕಸ್ಟಮ್ಸ್ ವಶಪಡಿಸಿಕೊಂಡ ಸುಮಾರು 700 ಟನ್ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಹಾಗೇ ಬಿದ್ದಿತ್ತು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಅದೇ ವಸ್ತು 2,750 ಟನ್ ಸ್ಫೋಟಿಸಿದ ಮೇಲೆಯೇ ಅದನ್ನು ಅಲ್ಲಿಂದ ಹೈದರಾಬಾದಿಗೆ ಸಾಗಿಸಿದ್ದು.

ಹೊರಗೆ ಕಳಿಸುವುದಾದರೆ

ರಫ್ತಿಗೆ ಬಿಲ್ ಆಫ್ ಎಂಟ್ರಿ ಬದಲು ಶಿಪ್ಪಿಂಗ್ ಬಿಲ್. ಡ್ರಮ್ಮಿಗೆ ಯುಎನ್ ಪ್ರಮಾಣಪತ್ರ ಕೊಡುವುದು ಭಾರತೀಯ ಪ್ಯಾಕೇಜಿಂಗ್ ಸಂಸ್ಥೆ. ಅಪಾಯಕಾರಿ ಸರಕಿನ ಘೋಷಣೆಗೆ ಸಹಿ ಹಾಕುವವರು ನೀವು. ಒಳಗಿರುವುದು ಇದೇ ವಸ್ತು, ಇಷ್ಟೇ ಪ್ರಮಾಣ ಎಂದು ಅದರಲ್ಲಿ ಹೇಳುತ್ತೀರಿ. ಹಡಗಿನಲ್ಲಿ ಯಾವುದನ್ನು ಯಾವುದರಿಂದ ದೂರ ಇಡಬೇಕು ಎಂದು ತೀರ್ಮಾನಿಸುವುದು ಆ ಹಾಳೆ ನೋಡಿ. 2025ರ ಜೂನ್ 9ರಂದು ಕೇರಳದ ಕಡಲಲ್ಲಿ ವಾನ್ ಹೈ 503 ಹಡಗು ಹೊತ್ತಿ ಉರಿದಾಗ 22 ಜನರಲ್ಲಿ 18 ಮಂದಿ ಬದುಕಿ ಮಂಗಳೂರಿಗೆ ಬಂದರು. ನಾಲ್ವರು ಕಾಣೆಯಾದರು. ಅಂಥ ಬೆಂಕಿಯ ಹತ್ತಿರ ಹೋಗುವವರ ಕೈಯಲ್ಲಿ ಇರುವುದು ಇದೇ ಹಾಳೆಗಳಿಂದ ಮಾಡಿದ ಸರಕಿನ ಪಟ್ಟಿ. ಸಾಗಣೆ ದರ ಉಳಿಸಲು ಅದರಲ್ಲಿ ಸುಳ್ಳು ಬರೆಯುವುದನ್ನು ನಾನು ಕ್ಷಮಿಸಲಾರೆ.

ಇನ್ನೊಂದು ಪಟ್ಟಿ ಸ್ಕೋಮೆಟ್. ಯುದ್ಧಕ್ಕೂ ಬಳಸಬಹುದಾದ ವಸ್ತುಗಳು ಅದರಲ್ಲಿವೆ. ಶಾಂಪೂ, ಕ್ರೀಮಿಗೆ ಹಾಕುವ ಟ್ರೈಎಥನಾಲಮೀನ್ ಕೂಡ ರಾಸಾಯನಿಕ ಅಸ್ತ್ರಗಳ ಒಡಂಬಡಿಕೆಯ ಮೂರನೇ ಪಟ್ಟಿಯಲ್ಲಿದೆ! ಒಡಂಬಡಿಕೆಗೆ ಸೇರದ ದೇಶಕ್ಕೆ ಕಳಿಸಲು ಡಿಜಿಎಫ್‌ಟಿಯ ಅನುಮತಿ ಬೇಕು. ಯುರೋಪಿಗಾದರೆ ರೀಚ್ ಎಂಬ ಅಲ್ಲಿನ ರಾಸಾಯನಿಕ ಕಾನೂನಿನ ನೋಂದಣಿ. ವರ್ಷಕ್ಕೆ 1 ಟನ್ ದಾಟಿದರೆ ಅದು ಬೇಕೇ ಬೇಕು.

ಕೊನೆಗೆ ರಸ್ತೆ

ಬರುವ ಸರಕಿರಲಿ, ಹೋಗುವುದಿರಲಿ, ರಸ್ತೆ ಒಂದೇ ಅಲ್ವಾ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಹೊತ್ತಿಕೊಂಡಾಗ ಬಲಿಯಾದದ್ದು ರಸ್ತೆ ಬದಿಯ ಮನೆಗಳವರು. ಆ ಊರಿನವರಿಗೆ ಈಗಲೂ ಟ್ಯಾಂಕರ್ ಸದ್ದು ಕೇಳಿದರೆ ಭಯ.

ಲಾರಿಯ ಎರಡು ಬದಿ ಮತ್ತು ಹಿಂದೆ, ಮೂರು ಕಡೆ ತುರ್ತು ಮಾಹಿತಿ ಫಲಕ ಇರಬೇಕು. ರಾಸಾಯನಿಕದ ಹೆಸರು, ಯುಎನ್ ನಂಬರ್, ವರ್ಗದ ಚಿತ್ರ, ಫೋನ್ ನಂಬರ್ ಅದರಲ್ಲಿ ಕಾಣಬೇಕು. ಸೈಲೆನ್ಸರ್‌ಗೆ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಬೇಕು. ಚಾಲಕರು ಮೂರು ದಿನದ ತರಬೇತಿ ಮುಗಿಸಿ, ಲೈಸೆನ್ಸ್‌ನಲ್ಲಿ ಅದನ್ನು ನಮೂದಿಸಿಕೊಂಡಿರಬೇಕು. ಅಪಘಾತವಾದರೆ ಏನು ಮಾಡಬೇಕು ಎಂದು ಹೇಳುವ ಟ್ರೆಮ್ ಕಾರ್ಡ್ ಅವರ ಕ್ಯಾಬಿನ್‌ನಲ್ಲಿರಬೇಕು.

ಟ್ರೆಮ್ ಕಾರ್ಡನ್ನು ಇಂಗ್ಲಿಷ್‌ನಲ್ಲಿ ಮಾತ್ರ ಕೊಟ್ಟು ಕಳಿಸಬೇಡಿ. ಚಾಲಕರು ಹಾಸನದವರಾದರೆ ಕನ್ನಡದಲ್ಲಿ, ಸೇಲಂನವರಾದರೆ ತಮಿಳಿನಲ್ಲಿ ಒಂದು ಪ್ರತಿ ಮಾಡಿಸಿ. ಹೊರಡುವ ಮೊದಲು ಅವರ ಜೊತೆ ಐದು ನಿಮಿಷ ಕೂತು ಕೇಳಿ: "ಅಣ್ಣಾ, ದಾರಿಯಲ್ಲಿ ಡ್ರಮ್ ಸೋರಿದರೆ ಮೊದಲು ಏನು ಮಾಡ್ತೀರಿ?" ಇಂಜಿನ್ ಆಫ್ ಮಾಡ್ತೀನಿ, ಬೀಡಿ ಹಚ್ಚೋರನ್ನ ದೂರ ಕಳಿಸ್ತೀನಿ, ಗಾಳಿ ಬರೋ ಕಡೆ ನಿಂತ್ಕೊಂಡು ಫೋನ್ ಮಾಡ್ತೀನಿ ಅಂತ ಅವರ ಬಾಯಿಂದಲೇ ಬಂದ ಮೇಲೆ ಗೇಟ್ ತೆಗೆಯಿರಿ.