ಕತ್ತರಿ ಇಡುವ ಮೊದಲೇ ಅರ್ಧ ಹೊಲಿಗೆ

ಹೊಲಿಗೆ ಕಲಿಯಬೇಕೆಂದು ಬರುವವರು ಮೊದಲು ಕೇಳುವುದು ಯಾವ ಮೆಷಿನ್ ಕೊಳ್ಳಲಿ ಎಂದು. ಮೆಷಿನ್ ಯಾವುದಾದರೂ ಆಗಲಿ, ಹೊಲಿದ ಬಟ್ಟೆ ಹತ್ತಾರು ಸಲ ಒಗೆದ ಮೇಲೂ ಮೈಮೇಲೆ ನೆಟ್ಟಗೆ ಕೂರುತ್ತದೋ ಇಲ್ಲವೋ ಎನ್ನುವುದು ಕತ್ತರಿ ಇಡುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಅದಕ್ಕೇ ನಾನು ನೀರಿನಿಂದ ಶುರುಮಾಡುತ್ತೇನೆ. ಹೊಸ ಹತ್ತಿ ಬಟ್ಟೆಯನ್ನು ನೇಯುವಾಗಲೂ ಆಮೇಲೆ ಹದಗೊಳಿಸುವಾಗಲೂ ನೂಲನ್ನು ಬಿಗಿಯಾಗಿ ಎಳೆದಿರುತ್ತಾರೆ, ಮೇಲೆ ಗಂಜಿಯೂ ಇರುತ್ತದೆ. ನೀರು ತಾಗಿದಾಗ ಗಂಜಿ ಬಿಡುತ್ತದೆ, ನೂಲು ಸಡಿಲಗೊಂಡು ಕುಗ್ಗುತ್ತದೆ. ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ತೀರಾ ಸಾಮಾನ್ಯ. ಅಂದರೆ 40 ಇಂಚು ಉದ್ದದ ಉಡುಪು ಮೊದಲ ಒಗೆತಕ್ಕೇ 2 ಇಂಚಿನವರೆಗೆ ಗಿಡ್ಡವಾಗಬಹುದು. ಬಟ್ಟೆಯನ್ನು ಮುಂದೆ ಹೇಗೆ ಒಗೆಯುತ್ತೀರೋ ಹಾಗೆಯೇ ಒಮ್ಮೆ ಒಗೆದು, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ, ಆಮೇಲೆ ಮೇಜಿನ ಮೇಲೆ ಹರಡಿ. ಲೈನಿಂಗ್ ಬಟ್ಟೆಯನ್ನೂ ಅಂಚಿಗೆ ಹಾಕುವ ಪೈಪಿಂಗ್ ಬಟ್ಟೆಯನ್ನೂ ಮರೆಯಬೇಡಿ. ಮೇಲ್ಬಟ್ಟೆ ಕುಗ್ಗದೆ ಒಳಗಿನ ಲೈನಿಂಗ್ ಮಾತ್ರ ಕುಗ್ಗಿದರೆ ಅಂಚೆಲ್ಲ ಸುಕ್ಕುಗಟ್ಟಿ ಜೋಲುತ್ತದೆ, ಅದನ್ನು ಯಾವ ಇಸ್ತ್ರಿಯೂ ಸರಿಮಾಡಲಾರದು. ಕೆಂಪು, ಕಡುನೀಲಿ, ಕಪ್ಪು ಬಟ್ಟೆಯಾದರೆ ಮೂಲೆಯೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲಿಟ್ಟು ಒತ್ತಿ ನೋಡಿ, ಬಣ್ಣ ಬಿಡುವುದು ಅಲ್ಲೇ ತಿಳಿಯುತ್ತದೆ. ರೇಷ್ಮೆ, ಉಣ್ಣೆಗಳನ್ನು ಮಾತ್ರ ಹೀಗೆ ನೀರಿಗೆ ಅದ್ದಬಾರದು. ಇಸ್ತ್ರಿಪೆಟ್ಟಿಗೆಯ ಹಬೆ ಹಿಡಿದರೆ ಸಾಕು.

ಬಟ್ಟೆ ಯಾವುದರದ್ದು ಎಂಬ ಅನುಮಾನ ಬಂದರೆ ಅಂಚಿನಿಂದ ಒಂದೆರಡು ಎಳೆ ಎಳೆದು, ಚಿಮಟದಲ್ಲಿ ಹಿಡಿದು, ನೀರಿರುವ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ಹಾಗೆ ನಾರುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಸ್ತ್ರಿಯ ಬಿಸಿ ಎಷ್ಟಿರಬೇಕು, ಯಾವ ದಾರ ಬೇಕು, ಬೇಸಿಗೆಗೆ ಆದೀತೇ ಎಂಬುದೆಲ್ಲ ಇದರಿಂದಲೇ ಗೊತ್ತಾಗುತ್ತದೆ.

ಇನ್ನು ಹಾಸು ಹೊಕ್ಕು. ಬಟ್ಟೆಯ ಗಟ್ಟಿ ಅಂಚಿನ ಗುಂಟ ಹೋಗುವ ನೂಲು ಹಾಸು, ಅದು ಎಳೆದರೂ ಹೆಚ್ಚು ಹಿಗ್ಗುವುದಿಲ್ಲ. ಅಡ್ಡಕ್ಕೆ ಹೋಗುವುದು ಹೊಕ್ಕು, ಸ್ವಲ್ಪ ಹಿಗ್ಗುತ್ತದೆ. ಎರಡರ ನಡುವೆ 45 ಡಿಗ್ರಿ ಓರೆಯಲ್ಲಿ ಎಳೆದರೆ ಎಲ್ಲಕ್ಕಿಂತ ಹೆಚ್ಚು ಹಿಗ್ಗುತ್ತದೆ. ಉಡುಪಿನ ಉದ್ದ ಹಾಸಿನ ಗುಂಟವೇ ಬರಬೇಕು. ಬಟ್ಟೆ ಉಳಿಸುವ ಆಸೆಗೆ ತುಂಡನ್ನು ಒಂದಿಷ್ಟು ಓರೆಯಾಗಿಟ್ಟು ಕತ್ತರಿಸಿದರೆ ಪ್ಯಾಂಟಿನ ಕಾಲು ತಿರುಚಿಕೊಳ್ಳುತ್ತದೆ, ಪರದೆ ಒಂದು ಕಡೆಗೆ ವಾಲುತ್ತದೆ. ತೊಟ್ಟವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಅಂಗಡಿಯಲ್ಲಿ ಹರಿದುಕೊಟ್ಟ ಅಂಚನ್ನು ನಂಬದೆ, ಅಡ್ಡಕ್ಕೆ ಒಂದು ಎಳೆ ಎಳೆದು ತೆಗೆಯಿರಿ, ಆ ಗೆರೆಯ ಗುಂಟ ಅಂಚನ್ನು ನೇರ ಮಾಡಿಕೊಳ್ಳಿ. ಕತ್ತಿನ ಸುತ್ತ, ಕಂಕುಳ ಸುತ್ತ ಪಟ್ಟಿ ಹಾಕುವಾಗ ಮಾತ್ರ ಓರೆ ಪಟ್ಟಿಯೇ ಆಗಬೇಕು, ತಿರುವಿನಲ್ಲಿ ಬಾಗುವುದು ಅದೊಂದೇ. ಕಾಲಿಂಚಿನ ಪಟ್ಟಿ ಕಾಣಬೇಕೆಂದರೆ ಒಂದಿಂಚು ಅಗಲಕ್ಕೆ ಕತ್ತರಿಸಿ, ಮಡಚಿದರೆ ಲೆಕ್ಕ ಸರಿಹೋಗುತ್ತದೆ. ಚೌಕಳಿ ಬಟ್ಟೆ, ಒಂದೇ ದಿಕ್ಕಿಗೆ ಚಿತ್ರವಿರುವ ಬಟ್ಟೆ, ಮಖಮಲ್ಲಿನಂಥ ಜುಂಗಿನ ಬಟ್ಟೆಗಳಿಗೆ ಎಲ್ಲ ತುಂಡುಗಳನ್ನೂ ಒಂದೇ ಕಡೆಗೆ ತಲೆ ಮಾಡಿ ಇಡಬೇಕಾಗುವುದರಿಂದ ಬಟ್ಟೆ ಹೆಚ್ಚು ಬೇಕು. ಕೊಳ್ಳುವಾಗಲೇ ಅದನ್ನು ಲೆಕ್ಕ ಹಾಕಿ.

ಅಳತೆಯ ವಿಷಯದಲ್ಲಿ ನನಗೆ ಹೇಳುವುದು ಬಹಳ ಇದೆ. ಮೈ ಅಳತೆ ಬೇರೆ, ಉಡುಪಿನ ಅಳತೆ ಬೇರೆ. ಎದೆ ಸುತ್ತಳತೆ 36 ಇಂಚು ಎಂದು 36ಕ್ಕೇ ಅಂಗಿ ಕತ್ತರಿಸಿದರೆ ಕೈ ಎತ್ತಲಾಗದು, ಕೂತರೆ ಗುಂಡಿ ಎಳೆಯುತ್ತದೆ. ಹಿಗ್ಗದ ನೇಯ್ಗೆ ಬಟ್ಟೆಯ ಮಾಮೂಲಿ ಅಂಗಿಗೆ ಎದೆಯ ಬಳಿ 3ರಿಂದ 4 ಇಂಚು ಸಡಿಲ ಬೇಕು. ಬನಿಯನ್ ಥರದ ಹಿಗ್ಗುವ ಬಟ್ಟೆಗೆ ಅಷ್ಟು ಬೇಡ. ಅನುಮಾನವಿದ್ದರೆ ಅವರಿಗೆ ಚೆನ್ನಾಗಿ ಕೂರುವ ಹಳೆಯ ಉಡುಪೊಂದನ್ನು ತರಿಸಿ, ಹಾಸಿ ಅಳೆದು, ಮೈ ಅಳತೆಯ ಪಕ್ಕದಲ್ಲಿ ಬರೆದುಕೊಳ್ಳಿ. ಎರಡರ ನಡುವಿನ ವ್ಯತ್ಯಾಸವೇ ಆ ಮನುಷ್ಯನಿಗೆ ಹಿತವಾಗುವ ಸಡಿಲ. ಕೆಲವರಿಗೆ ಬಿಗಿ ಇಷ್ಟ, ಕೆಲವರಿಗೆ ಉಸಿರಾಡುವಷ್ಟು ಜಾಗ ಇಷ್ಟ. ಟೇಪು ಇದನ್ನು ಹೇಳುವುದಿಲ್ಲ, ಹಳೆಯ ಅಂಗಿ ಹೇಳುತ್ತದೆ.

ಮಕ್ಕಳ ಬಟ್ಟೆಗೆ ಬೆಳವಣಿಗೆಯ ಲೆಕ್ಕ ಸೇರಿಸಿ. ನಾಲ್ಕು ವರ್ಷ ದಾಟಿದ ಮೇಲೆ ಹರೆಯ ಬರುವವರೆಗೂ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಎತ್ತರವಾಗುತ್ತಾರೆ, ಸುತ್ತಳತೆ ಅಷ್ಟು ಬೇಗ ಏರುವುದಿಲ್ಲ. ಹಾಗಾಗಿ ದೊಡ್ಡ ಸೈಜು ಹೊಲಿದು ಮಗುವನ್ನು ಅದರೊಳಗೆ ಮುಳುಗಿಸಬೇಡಿ. ಅಗಲ ಸರಿಯಾಗಿರಲಿ, ಕೆಳಅಂಚಿನಲ್ಲಿ ಎರಡು ಮೂರು ಇಂಚು ಮಡಿಕೆ ಬಿಡಿ, ತೋಳಿನ ತುದಿಯಲ್ಲಿ ಒಂದಿಂಚು ಬಿಡಿ. ಬಿಚ್ಚಿದಾಗ ಹಳೆಯ ಮಡಿಕೆಯ ಗೆರೆ ಕಂಡರೆ ಅದರ ಮೇಲೊಂದು ಲೇಸು ಓಡಿಸಿದರೆ ಅಲಂಕಾರವೇ ಆಯಿತು. ಚಿಕ್ಕ ಮಕ್ಕಳ ಅಂಗಿಯ ಕತ್ತಿಗೆ, ಟೋಪಿಗೆ ಎಳೆಯುವ ದಾರ ಬೇಡವೇ ಬೇಡ. ಜಾರುಬಂಡೆಯಲ್ಲೋ ಬಾಗಿಲಲ್ಲೋ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಎಲಾಸ್ಟಿಕ್ ಅಥವಾ ಒತ್ತುಗುಂಡಿ ಹಾಕಿ.

ವಯಸ್ಸಾದವರಿಗೆ ಹೊಲಿಯುವಾಗ ಅವರು ಅದನ್ನು ಹೇಗೆ ತೊಡುತ್ತಾರೆ ಎಂದು ಮೊದಲು ನೋಡಿ. ಭುಜ ನೋವಿದ್ದವರಿಗೆ ತಲೆಯ ಮೇಲಿಂದ ಹಾಕುವ ಉಡುಪು ದಿನಕ್ಕೆರಡು ಸಲದ ಹಿಂಸೆ. ಮುಂದುಗಡೆ ಪೂರ್ತಿ ತೆರೆಯುವಂತೆ ಮಾಡಿ, ಕಂಕುಳನ್ನು ಒಂದಿಂಚು ಆಳವಾಗಿ ಇಳಿಸಿ, ಗುಂಡಿ ದೊಡ್ಡದಿರಲಿ. ಬೆರಳಿಗೆ ಹಿಡಿತ ಕಡಿಮೆಯಾಗಿದ್ದರೆ ಮೇಲ್ಗಡೆ ನೋಟಕ್ಕೆ ಗುಂಡಿ ಹೊಲಿದು ಒಳಗಡೆ ವೆಲ್ಕ್ರೋ ಪಟ್ಟಿ ಇಡಬಹುದು. ಬಹಳ ಹೊತ್ತು ಕೂತೇ ಇರುವವರ ಪ್ಯಾಂಟಿಗೆ ಹಿಂಭಾಗ ಎತ್ತರವಾಗಿ, ಮುಂಭಾಗ ತಗ್ಗಾಗಿ ಕತ್ತರಿಸಿ. ಕೂತಾಗ ಬೆನ್ನು ಮುಚ್ಚುತ್ತದೆ, ಹೊಟ್ಟೆಗೆ ಬಟ್ಟೆ ಒತ್ತುವುದಿಲ್ಲ. ಹಿಂದಿನ ಜೇಬು ಅವರಿಗೆ ಬೇಡ, ಅದರ ಹೊಲಿಗೆಯೇ ಚರ್ಮಕ್ಕೆ ಒತ್ತುತ್ತದೆ. ಮನೆಯಲ್ಲಿ ಹೊಲಿಯುವುದಕ್ಕೂ ಸಿದ್ಧ ಉಡುಪಿಗೂ ಇರುವ ದೊಡ್ಡ ವ್ಯತ್ಯಾಸ ಇದು. ನಿಮ್ಮವರ ಮೈ ನಿಮಗೆ ಗೊತ್ತು.

ಈಗ ಮೆಷಿನ್. ಸೂಜಿಯನ್ನು ಮುರಿಯುವವರೆಗೂ ಬದಲಿಸದವರೇ ಹೆಚ್ಚು. ಎಂಟು ಹತ್ತು ಗಂಟೆ ಓಡಿದ ಸೂಜಿಯ ಮೊನೆ ಮಂಡಾಗಿರುತ್ತದೆ, ಕಣ್ಣಿಗೆ ಕಾಣದಿದ್ದರೂ ಹೊಲಿಗೆ ತಪ್ಪಿ ತಪ್ಪಿ ಬೀಳುವುದರಲ್ಲಿ ಗೊತ್ತಾಗುತ್ತದೆ. ತೆಳು ಬಟ್ಟೆಗೆ 9 ಅಥವಾ 11ನೇ ನಂಬರು, ಮಾಮೂಲಿ ಹತ್ತಿಗೆ 11 ಅಥವಾ 14, ಜೀನ್ಸ್ ಬಟ್ಟೆಗೆ 16. ಹಿಗ್ಗುವ ಬಟ್ಟೆಗೆ ದುಂಡುಮೊನೆಯ ಸೂಜಿಯೇ ಬೇಕು, ಅದು ಎಳೆಯನ್ನು ಚುಚ್ಚಿ ಹರಿಯದೆ ಪಕ್ಕಕ್ಕೆ ಸರಿಸಿಕೊಂಡು ಇಳಿಯುತ್ತದೆ.

ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬಂದರೆ ಎಲ್ಲರೂ ಬಾಬಿನ್ ಕೇಸಿನ, ಅಂದರೆ ಅಡಿದಾರದ ಉರುಳೆ ಕೂರುವ ಡಬ್ಬಿಯ, ಸ್ಕ್ರೂ ತಿರುಗಿಸಲು ಹೋಗುತ್ತಾರೆ. ಅಡಿಯಲ್ಲಿ ಕಾಣುವ ಕುಣಿಕೆ ಮೇಲಿನ ದಾರದ್ದು, ದೋಷವೂ ಸಾಮಾನ್ಯವಾಗಿ ಮೇಲೆಯೇ ಇರುತ್ತದೆ. ಬಟ್ಟೆ ಒತ್ತುವ ಕಾಲನ್ನು ಮೇಲೆತ್ತಿದಾಗ ಮಾತ್ರ ಮೇಲಿನ ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳು ತೆರೆದುಕೊಳ್ಳುತ್ತವೆ. ಕಾಲು ಕೆಳಗಿರುವಾಗ ದಾರ ಪೋಣಿಸಿದರೆ ಅದು ಬಿಲ್ಲೆಗಳ ನಡುವೆ ಕೂರದೆ ಮೇಲೆಯೇ ಜಾರುತ್ತದೆ. ಕಾಲು ಎತ್ತಿ, ದಾರವನ್ನು ಪೂರ್ತಿ ತೆಗೆದು, ಮೊದಲಿಂದ ಪೋಣಿಸಿ. ಅರ್ಧಕ್ಕರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಆಮೇಲೂ ಸರಿಹೋಗದಿದ್ದರೆ ಮೇಲೊಂದು ಬಣ್ಣ, ಕೆಳಗೊಂದು ಬಣ್ಣದ ದಾರ ಹಾಕಿ ಅದೇ ಬಟ್ಟೆಯ ತುಂಡಿನ ಮೇಲೆ ಹೊಲಿದು ನೋಡಿ, ಯಾವುದು ಯಾವ ಕಡೆಗೆ ಇಣುಕುತ್ತಿದೆ ಎಂದು ಕಾಣುತ್ತದೆ. ಮಾಮೂಲಿ ಹೊಲಿಗೆಗೆ ಎರಡೂವರೆ ಮಿ.ಮೀ. ಉದ್ದ ಸಾಕು. ಟ್ರಯಲ್‌ಗೆಂದು ಹಾಕುವ ಕಚ್ಚಾ ಹೊಲಿಗೆಗೆ 4 ಅಥವಾ 5 ಇಡಿ, ಒಂದೆಳೆತಕ್ಕೆ ಬಿಚ್ಚಿಬರುತ್ತದೆ. ಬಾಬಿನ್ ತೆಗೆದಾಗಲೆಲ್ಲ ಒಳಗಿನ ನೂಲುಧೂಳನ್ನು ಬ್ರಷ್ಷಿನಲ್ಲಿ ಗುಡಿಸಿ. ಮೆಷಿನ್ ಎಣ್ಣೆ ಬಿಟ್ಟು ಬೇರೆ ಎಣ್ಣೆ ಹಾಕಬೇಡಿ, ಅಡುಗೆಯ ಎಣ್ಣೆ ಕೆಲವು ದಿನಕ್ಕೇ ಅಂಟಾಗಿ ಮೆಷಿನ್ ಹಿಡಿದುಕೊಳ್ಳುತ್ತದೆ.

ಇಸ್ತ್ರಿಪೆಟ್ಟಿಗೆ ಮೆಷಿನ್ನಿನ ಪಕ್ಕದಲ್ಲೇ ಬಿಸಿಯಾಗಿರಲಿ. ಒಂದು ಹೊಲಿಗೆ ಮುಗಿಯಿತೆಂದರೆ ಅದನ್ನು ಇದ್ದ ಹಾಗೇ ಒಮ್ಮೆ ಒತ್ತಿ, ಆಮೇಲೆ ಒಳಗಿನ ಅಂಚು ಬಿಡಿಸಿ ಒತ್ತಿ, ಆಮೇಲಷ್ಟೇ ಅದರ ಮೇಲೆ ಅಡ್ಡ ಹೊಲಿಗೆ. ಉಜ್ಜಬೇಡಿ, ಉಜ್ಜಿದರೆ ಬಟ್ಟೆ ಹಿಗ್ಗುತ್ತದೆ. ಎತ್ತಿ ಇಟ್ಟು ಎತ್ತಿ ಇಟ್ಟು ಒತ್ತಬೇಕು. ಪೆಟ್ಟಿಗೆಯ ಮೇಲಿನ ಒಂದು ಚುಕ್ಕಿ ಎಂದರೆ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡು ಚುಕ್ಕಿ 150, ಮೂರು ಚುಕ್ಕಿ 200. ಮೂರನೆಯದು ಹತ್ತಿಗೆ ಮತ್ತು ಲಿನನ್‌ಗೆ ಮಾತ್ರ. ಕೊನೆಯಲ್ಲಿ ಒಂದೇ ಸಲ ಇಸ್ತ್ರಿ ಹಾಕಿದ ಉಡುಪನ್ನೂ ಹೆಜ್ಜೆ ಹೆಜ್ಜೆಗೆ ಒತ್ತಿದ ಉಡುಪನ್ನೂ ಅಕ್ಕಪಕ್ಕ ತೂಗುಹಾಕಿ ನೋಡಿದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಮನೆಗೆ ಹೊಲಿಯುವ ವಸ್ತುಗಳಲ್ಲಿ ದಿಂಬಿನ ಚೀಲ, ಪರದೆಗಳು ಸುಲಭ. ದಿಂಬು 16 ಇಂಚಿದ್ದರೆ ಚೀಲವೂ ಹೊಲಿದ ಮೇಲೆ 16 ಅಥವಾ ಅರ್ಧ ಇಂಚು ಕಡಿಮೆ ಇರಲಿ, ಆಗ ಮೂಲೆಗಳು ತುಂಬಿ ನಿಲ್ಲುತ್ತವೆ. ಪರದೆಗೆ ಸರಳಿನ ಉದ್ದದ ಎರಡರಷ್ಟು ಅಗಲದ ಬಟ್ಟೆ ಬೇಕು, ತೆಳು ಬಟ್ಟೆಯಾದರೆ ಎರಡೂವರೆಯಷ್ಟು. ಬಿಸಿ ಪಾತ್ರೆ ಹಿಡಿಯುವ ಬಟ್ಟೆಯಲ್ಲಿ ಮೇಲಿನದೂ ಒಳಗಿನ ತುಂಬುವೂ ದಾರವೂ ಹತ್ತಿಯೇ ಆಗಿರಲಿ. ಪಾಲಿಯೆಸ್ಟರ್ ಕರಗಿ ಕೈಗೆ ಅಂಟಿದರೆ ಸುಟ್ಟಗಾಯ ಆಳವಾಗುತ್ತದೆ. ಬಟ್ಟೆಗೊಂಬೆ ಮಾಡಿದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಗುಂಡಿಯ ಕಣ್ಣು, ಮಣಿ ಹಾಕಬೇಡಿ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಕಣ್ಣು, ಮೂಗನ್ನು ದಾರದಲ್ಲೇ ಕಸೂತಿ ಮಾಡಿ, ನೋಟಕ್ಕೂ ಅದೇ ಚೆಂದ.

ಉಣ್ಣೆಯಲ್ಲಿ ಹೆಣೆಯುವವರು ಮಾದರಿ ತುಂಡು ಹೆಣೆಯಲು ಬೇಸರಪಡುತ್ತಾರೆ. ಲೆಕ್ಕ ನೋಡಿ. 10 ಸೆಂ.ಮೀ.ಗೆ 20 ಹೊಲಿಗೆ ಎಂದು ನಮೂನೆ ಹೇಳಿದೆ, ನಿಮ್ಮ ಕೈ ಬಿಗಿಯಾಗಿ 22 ಬರುತ್ತಿದೆ ಎನ್ನಿ. 200 ಹೊಲಿಗೆಯ ಸ್ವೆಟರ್ 100 ಸೆಂ.ಮೀ. ಆಗುವ ಬದಲು 91ಕ್ಕೆ ನಿಲ್ಲುತ್ತದೆ, ಅದು ಒಂದು ಸೈಜಿನ ವ್ಯತ್ಯಾಸ. ತುಂಡು ಹೆಣೆದು, ಒಗೆದು, ಒಣಗಿಸಿ, ಆಮೇಲೆ ಎಣಿಸಿ. ಹೆಚ್ಚಿದ್ದರೆ ಒಂದು ನಂಬರು ದಪ್ಪ ಕಡ್ಡಿ ಹಿಡಿಯಿರಿ. ಉಂಡೆಗಳನ್ನೆಲ್ಲ ಒಮ್ಮೆಗೇ ಕೊಳ್ಳಿ, ಲೇಬಲ್ಲಿನ ಮೇಲಿನ ಡೈ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ಸಂಖ್ಯೆ, ಒಂದೇ ಇರಬೇಕು. ಬೇರೆ ಲಾಟಿನ ಅದೇ ಬಣ್ಣ ಬಿಸಿಲಲ್ಲಿ ಬೇರೆಯಾಗಿಯೇ ಕಾಣುತ್ತದೆ.

ಗಿರಾಕಿಗಳಿಗೆ ಹೊಲಿಯಲು ಶುರುಮಾಡಿದಾಗ ಸೂಜಿಯಷ್ಟೇ ಮುಖ್ಯವಾದದ್ದು ಒಂದು ದಪ್ಪ ಪುಸ್ತಕ. ಒಬ್ಬೊಬ್ಬರಿಗೆ ಒಂದು ಪುಟ. ತಾರೀಖು, ಅಳತೆ, ಕತ್ತಿನ ಆಕಾರ, ಜೇಬು ಬೇಕೋ ಬೇಡವೋ, ಯಾವ ದಿನ ಕೊಡುತ್ತೇನೆಂದು ಹೇಳಿದಿರಿ, ಮುಂಗಡ ಎಷ್ಟು, ಎಲ್ಲ ಅವರೆದುರೇ ಬರೆದು ಓದಿ ಹೇಳಿ, ಬಟ್ಟೆಯ ಸಣ್ಣ ಚೂರೊಂದನ್ನು ಅಲ್ಲೇ ಅಂಟಿಸಿ. ಬಟ್ಟೆ ತಂದುಕೊಟ್ಟಾಗ ಬೆಳಕಿಗೆ ಹಿಡಿದು ಕಲೆ, ತೂತು ಇದೆಯೇ ಎಂದು ಅವರ ಮುಂದೆಯೇ ನೋಡಿ. ನೀರಿಗೆ ಹಾಕಿದ್ದಾರೋ ಇಲ್ಲವೋ ಕೇಳಿ. ಇಲ್ಲವೆಂದರೆ ಒಗೆದು ತರಲು ಹೇಳಿ, ಅಥವಾ ನೀವೇ ಒಗೆದು ಅದರ ಕೂಲಿ ಸೇರಿಸಿ. ದುಬಾರಿ ಬಟ್ಟೆಯಾದರೆ ಅಗ್ಗದ ಬಟ್ಟೆಯಲ್ಲಿ ಒಮ್ಮೆ ಮಾದರಿ ಹೊಲಿದು ತೊಡಿಸಿ ನೋಡಿ, ಆಮೇಲೆ ಅಸಲಿಗೆ ಕತ್ತರಿ ಇಡಿ.

ಕೂಲಿ ಹೇಳುವಾಗ ಮೆಷಿನ್ ಓಡಿದ ಹೊತ್ತನ್ನಷ್ಟೇ ಹಿಡಿಯಬೇಡಿ. ಅಳತೆ ತೆಗೆದದ್ದು, ಕತ್ತರಿಸಿದ್ದು, ಒತ್ತಿದ್ದು, ಟ್ರಯಲ್ ನೋಡಿದ್ದು, ಕೈಯಲ್ಲಿ ಹೆಮ್ಮಿಂಗ್ ಮಾಡಿದ್ದು, ಎಲ್ಲವೂ ನಿಮ್ಮ ಹೊತ್ತೇ. ಒಂದೆರಡು ಉಡುಪಿಗೆ ಗಡಿಯಾರ ಇಟ್ಟುಕೊಂಡು ಬರೆದು ನೋಡಿದರೆ ಮೆಷಿನ್ ಮುಂದೆ ಕೂತದ್ದು ಅದರ ಒಂದು ಪಾಲು ಮಾತ್ರ ಎಂದು ಕಾಣುತ್ತದೆ. ದಾರ, ಕಾಲರಿಗೆ ಗಟ್ಟಿತನ ಕೊಡುವ ಬಕ್ರಂ, ಹುಕ್ಕು, ಸೂಜಿ, ಮೆಷಿನ್ ರಿಪೇರಿಯ ಪಾಲನ್ನೂ ಸೇರಿಸಿ. ಬೇರೆಯವರು ಹೊಲಿದದ್ದನ್ನು ಬಿಚ್ಚಿ ಸರಿಮಾಡುವ ಆಲ್ಟರೇಷನ್ನಿಗೆ ಕಡಿಮೆ ತೆಗೆದುಕೊಳ್ಳುವುದು ಅನ್ಯಾಯ. ಬಿಚ್ಚುವುದು ಹೊಲಿಯುವುದಕ್ಕಿಂತ ಹೊತ್ತು ತಿನ್ನುತ್ತದೆ. ಆಗದ ಕೆಲಸವಾದರೆ, ಒಪ್ಪಿದ ದಿನಕ್ಕೆ ಕೊಡಲಾಗದಿದ್ದರೆ, ಬಟ್ಟೆ ಮುಟ್ಟುವ ಮೊದಲೇ ಹೇಳಿಬಿಡಿ.

ಕೊಡುವ ಹಿಂದಿನ ದಿನ ಉಡುಪನ್ನು ತಿರುವಿ ಒಳಮೈ ನೋಡಿ. ನೇತಾಡುವ ದಾರ ಕತ್ತರಿಸಿ, ಚಾಕಿನ ಗುರುತು ಒರೆಸಿ, ಟಾಕಿನ ಪಿನ್ನು ಉಳಿದಿದೆಯೇ ಎಂದು ಅಂಚಿನ ಗುಂಟ ಕೈಯಾಡಿಸಿ. ಪ್ರತಿ ಗುಂಡಿಯನ್ನೂ ಒಮ್ಮೆ ಜಗ್ಗಿ. ದಪ್ಪ ಬಟ್ಟೆಗೆ ಗುಂಡಿ ಹೊಲಿಯುವಾಗ ಮಧ್ಯೆ ಒಂದು ಬೆಂಕಿಕಡ್ಡಿ ಇಟ್ಟು ಹೊಲಿದು, ಕಡ್ಡಿ ತೆಗೆದು, ಅಡಿಯಲ್ಲಿ ದಾರವನ್ನು ಸುತ್ತಿ ಗಂಟು ಹಾಕಿದರೆ ಅದು ಕಾಜಾದಲ್ಲಿ ಸರಾಗವಾಗಿ ಕೂರುತ್ತದೆ. ಉಳಿದ ಬಟ್ಟೆಯ ಚೂರುಗಳನ್ನು ಗಿರಾಕಿಗೇ ಹಿಂದಿರುಗಿಸಿ. ಜೊತೆಗೆ ಒಂದೆರಡು ಹೆಚ್ಚಿನ ಗುಂಡಿ, ಅದೇ ಬಣ್ಣದ ಒಂದು ಮಾರು ದಾರ, ಹೇಗೆ ಒಗೆಯಬೇಕೆಂದು ಬರೆದ ಚೀಟಿ ಇಟ್ಟು ಕಳಿಸಿ.