ಉಬ್ಬರದ ವೇಳೆ ನೋಡಿ ಹೊರಡಿ: ಟೋಕಿಯೊದ ಹಮಾರಿಕ್ಯೂ ಉದ್ಯಾನಕ್ಕೆ

ಮಲ್ಪೆಯಲ್ಲೋ ಉಳ್ಳಾಲದಲ್ಲೋ ಬೆಳೆದವರಿಗೆ ಟೋಕಿಯೊದಲ್ಲಿ ಒಂದೇ ಒಂದು ಉದ್ಯಾನ ನೋಡುವಷ್ಟು ಬಿಡುವಿದ್ದರೆ ನಾನು ಹಮಾರಿಕ್ಯೂ ಹೆಸರನ್ನೇ ಹೇಳುತ್ತೇನೆ. ಶಿಯೋದೊಮೆಯ ಗಗನಚುಂಬಿ ಕಟ್ಟಡಗಳಿಗೆ ಅಂಟಿಕೊಂಡೇ ಇರುವ ಈ ಹಳೆಯ ಉದ್ಯಾನದ ದೊಡ್ಡ ಕೊಳಕ್ಕೆ ಬರುವುದು ಟೋಕಿಯೊ ಕೊಲ್ಲಿಯ ಉಪ್ಪುನೀರು. ತೂಬಿನ ಬಾಗಿಲುಗಳ ಮೂಲಕ ಸಮುದ್ರ ಒಳಗೆ ಬರುತ್ತದೆ, ಹೊರಗೆ ಹೋಗುತ್ತದೆ. ಅದರೊಂದಿಗೆ ಕೊಳದ ದಡದ ರೂಪವೂ ಬದಲಾಗುತ್ತದೆ. ಉಪ್ಪುನೀರು ಗದ್ದೆಗೆ ನುಗ್ಗದಿರಲೆಂದು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದನ್ನು ಕಂಡಿರುವ ನಮಗೆ, ಅದೇ ಉಪ್ಪುನೀರನ್ನು ಬಾಗಿಲು ತೆರೆದು ಕರೆದು ಅದರ ಏರಿಳಿತವನ್ನು ಕುಳಿತು ನೋಡುವ ಈ ಏರ್ಪಾಡು ಮೊದಲಿಗೆ ತುಸು ತಮಾಷೆಯಾಗಿಯೇ ಕಾಣುತ್ತದೆ.

ಆದ್ದರಿಂದ ಹೊರಡುವ ಮೊದಲು ನೋಡಬೇಕಾದದ್ದು ಹವಾಮಾನವನ್ನಷ್ಟೇ ಅಲ್ಲ, ಉಬ್ಬರವಿಳಿತದ ವೇಳೆಯನ್ನು ಕೂಡ. ಜಪಾನಿನ ಹವಾಮಾನ ಇಲಾಖೆ ಈ ವೇಳಾಪಟ್ಟಿಯನ್ನು ಪ್ರಕಟಿಸುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು ಎಂಬುದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ದಿನವೊಂದನ್ನು ಆರಿಸಿಕೊಂಡು, ಏರು ಇಳಿತಗಳ ನಡುವಿನ ಎರಡು ಮೂರು ಗಂಟೆ ಅಲ್ಲಿಯೇ ಇರುವಂತೆ ಯೋಜಿಸಿಕೊಳ್ಳಿ. ಒಂದೇ ದಿನ ಮೂರು ಉದ್ಯಾನ ಮುಗಿಸುವ ಉತ್ಸಾಹವನ್ನು ದಯವಿಟ್ಟು ಬಿಟ್ಟುಬಿಡಿ.

ಉದ್ಯಾನ ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತದೆ, 4.30ರ ಬಳಿಕ ಒಳಗೆ ಬಿಡುವುದಿಲ್ಲ. ಡಿಸೆಂಬರ್ 29ರಿಂದ ಜನವರಿ 1ರವರೆಗೆ ರಜೆ. ಪ್ರವೇಶ ಶುಲ್ಕ 300 ಯೆನ್, 65 ದಾಟಿದವರಿಗೆ 150. ಮೇ 4 ಮತ್ತು ಅಕ್ಟೋಬರ್ 1ರಂದು ಶುಲ್ಕವಿಲ್ಲ, ಆದರೆ ಆ ದಿನಗಳಲ್ಲಿ ಜನಜಂಗುಳಿಯೂ ಹಾಗೆಯೇ ಇರುತ್ತದೆ. ಶಿಯೋದೊಮೆ ಅಥವಾ ಶಿಂಬಾಶಿ ನಿಲ್ದಾಣದಲ್ಲಿ ರೈಲಿನಿಂದಿಳಿದು ನಡೆದೇ ಹೋಗಬಹುದು. ಎರಡು ದ್ವಾರಗಳಲ್ಲಿ ಓತೆಮೊನ್ ಎಂಬುದರಿಂದ ಒಳಹೋಗುವುದು ಲೇಸು, ಏಕೆಂದರೆ ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿನಲ್ಲೇ ಮುನ್ನೂರು ವರ್ಷದ ಕಪ್ಪು ಪೈನ್ ಮರ ಎದುರಾಗುತ್ತದೆ. 1709ರಲ್ಲಿ ಆರನೆಯ ಶೋಗನ್ (ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಇಎನೊಬು ಉದ್ಯಾನವನ್ನು ನವೀಕರಿಸಿದಾಗ ನೆಟ್ಟದ್ದೆಂದು ಹೇಳುವ ಈ ಮರ ಎತ್ತರಕ್ಕೆ ಹೋಗದೆ ಅಡ್ಡಡ್ಡ ಹರಡಿಕೊಂಡಿದ್ದು, ಅದರ ಭಾರವಾದ ಕೊಂಬೆಗಳಿಗೆ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ.

ಈ ನೆಲವೇ ಸಮುದ್ರವನ್ನು ತುಂಬಿ ಮಾಡಿದ್ದು. 1654ರಲ್ಲಿ ಶೋಗನ್‌ನ ತಮ್ಮ ಮಾತ್ಸುದೈರಾ ತ್ಸುನಶಿಗೆ ಎಂಬಾತ ಆಳವಿಲ್ಲದ ಕಡಲಂಚನ್ನು ತುಂಬಿಸಿ ಇಲ್ಲಿ ನಿವಾಸ ಕಟ್ಟಿಸಿದ. ಮುಂದೆ ಅದು ಶೋಗನ್‌ರ ಕುಟುಂಬದ್ದಾಗಿ, 1868ರ ಬಳಿಕದ ಮೇಜಿ ಕಾಲದಲ್ಲಿ ಅರಸುಮನೆತನದ ಸ್ವತ್ತಾಗಿ, 1946ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ವಿಯೆಟ್ನಾಮಿನಿಂದ ತಂದ ಆನೆಯೊಂದು 1729ರಲ್ಲಿ ಈ ನಗರಕ್ಕೆ ಬಂದು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿಯೇ ಇತ್ತು. ಮಠದ ಆನೆಯನ್ನು ನೋಡುತ್ತ ಬೆಳೆದ ಉಡುಪಿಯವರು ಜೊತೆಗೆ ಮಕ್ಕಳನ್ನು ಕರೆದೊಯ್ದರೆ, ಅವರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇರೆ ಬೇಡ.

ಕೊಳದ ಬಳಿಗೆ ಬಂದ ಕೂಡಲೇ ದಡದ ಒಂದು ಕಲ್ಲನ್ನು ಆರಿಸಿ, ನೀರು ಅದರ ಯಾವ ಮಟ್ಟದಲ್ಲಿದೆಯೆಂದು ಗುರುತಿಟ್ಟುಕೊಳ್ಳಿ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೂ ಸಾಕು. ಆಮೇಲೆ ದಾರಿ ಹೇಳಿದಂತೆ ಸುತ್ತಿ. ಇಂಥ ಉದ್ಯಾನಗಳನ್ನು ನಡೆಯುತ್ತ ನೋಡಲೆಂದೇ ಕಟ್ಟಿದ್ದಾರೆ: ದಿಬ್ಬವೊಂದು ನೋಟವನ್ನು ಮರೆಮಾಡುತ್ತದೆ, ತಿರುವು ಅದನ್ನು ಮತ್ತೆ ಬಿಟ್ಟುಕೊಡುತ್ತದೆ. ಮೆಟ್ಟುಗಲ್ಲುಗಳ ಮೇಲೆ ನಡೆಯುವಾಗ ಕಣ್ಣು ತಾನಾಗಿ ನೆಲದ ಮೇಲಿರುತ್ತದೆ. ಎಲ್ಲಿ ಅಗಲವಾದ ಕಲ್ಲು ಸಿಗುತ್ತದೆಯೋ ಅಲ್ಲಿ ನಿಂತು ತಲೆಯೆತ್ತಿ. ಜಪಾನಿನ ಉದ್ಯಾನಗಳಲ್ಲಿ ದಾರಿಯ ನಡುವೆ ಕಪ್ಪು ಹಗ್ಗದಿಂದ ಅಡ್ಡತಿಡ್ಡ ಕಟ್ಟಿದ ಉಂಡೆಗಲ್ಲೊಂದು ಇದ್ದರೆ, ಮುಂದೆ ಹೋಗಬಾರದೆಂದು ಅರ್ಥ. ಅದನ್ನು ದಾಟಬೇಡಿ, ಸರಿಸಲೂ ಬೇಡಿ. ಕಟ್ಟಡಗಳು ಬಾರದಂತೆ ಚಿತ್ರ ತೆಗೆಯಲು ಕೆಲವರು ಬಹಳ ಹೆಣಗುತ್ತಾರೆ. ಗಾಜಿನ ಗೋಪುರಗಳು ಪೈನ್ ಮರಗಳ ಹಿಂದೆ ನಿಂತಿರುವುದೇ ಈ ಜಾಗದ ಈಗಿನ ರೂಪ, ಮುಚ್ಚಿಡುವುದಕ್ಕೇನಿದೆ?

ಹಳೆಯ ಬಾತುಬೇಟೆಯ ಜಾಗಗಳನ್ನು ತಪ್ಪಿಸಿಕೊಳ್ಳಬೇಡಿ. ಸಾಕಿದ ಬಾತುಗಳನ್ನು ಮುಂದೆ ಬಿಟ್ಟು ಕಾಡುಬಾತುಗಳನ್ನು ಕಿರಿದಾದ ಕಾಲುವೆಗೆ ಸೆಳೆಯುತ್ತಿದ್ದರು. ಮಣ್ಣಿನ ದಿಬ್ಬದ ಮರೆಯಲ್ಲಿ ಕುಳಿತವನು ಕಿಂಡಿಯಲ್ಲಿ ಇಣುಕಿ ನೋಡಿ, ಸಮಯ ಬಂದಾಗ ಬಲೆಯವರಿಗೆ ಸನ್ನೆ ಮಾಡುತ್ತಿದ್ದ. ಆ ಕಿಂಡಿಯಿಂದ ನೀವೂ ಇಣುಕಬಹುದು.

ಬಳಿಕ ಮರದ ಸೇತುವೆ ದಾಟಿ, ಕೊಳದ ನಡುವಿನ ನಕಾಜಿಮಾ ಚಹಾಮನೆಗೆ ಹೋಗಿ. ಚಪ್ಪಲಿ ಕಳಚಿ ಒಳಹೋಗುವ ಅಭ್ಯಾಸ ನಮಗಿದ್ದೇ ಇದೆ, ಆದರೆ ಬರಿಗಾಲಿಗಿಂತ ಶುಭ್ರವಾದ ಕಾಲುಚೀಲ ಮೇಲು. ಮಚ್ಚಾ ಎಂಬ ಹಸಿರು ಚಹಾದ ಜೊತೆಗೆ ಚಿಕ್ಕ ಸಿಹಿಯೊಂದನ್ನು ಕೊಡುತ್ತಾರೆ. ಅದರೊಳಗೆ ಸಾಮಾನ್ಯವಾಗಿ ಇರುವುದು ಕಾಳಿನ ಹೂರಣ, ನಮ್ಮ ಹೋಳಿಗೆಯದರ ದೂರದ ನೆಂಟನೆನ್ನಬಹುದು. ಸಿಹಿಯನ್ನು ಮೊದಲು ತಿಂದು ಆಮೇಲೆ ಚಹಾ ಕುಡಿಯುವುದು ಕ್ರಮ. ನಾನು ಕಾಫಿಯ ರೂಢಿಯಲ್ಲಿ ಚಹಾವನ್ನೇ ಮೊದಲು ಬಾಯಿಗಿಟ್ಟು, ಆ ಕಹಿಗೆ ಮುಖ ಹಿಂಡಿಕೊಂಡಿದ್ದೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಚಂದದ ಮುಖ ತುಟಿಗೆ ತಾಗದಂತೆ ಸ್ವಲ್ಪ ತಿರುಗಿಸಿ ಕುಡಿಯಿರಿ. ಸಸ್ಯಾಹಾರಿಗಳು ಊಟವನ್ನು ಮಾತ್ರ ಮೊದಲೇ ಯೋಚಿಸಿಕೊಳ್ಳಬೇಕು. ಹೊರಗಿನ ಅಂಗಡಿಗಳಲ್ಲಿ ತರಕಾರಿಯದೆಂದು ಕಾಣುವ ಸಾರಿನಲ್ಲೂ ಒಣಮೀನಿನ ರಸ ಇರುವುದು ಸಾಮಾನ್ಯ. ಮೀನು ತಿನ್ನುವವರಿಗೆ ನಡೆದು ಹೋಗುವಷ್ಟು ದೂರದಲ್ಲಿ ತ್ಸುಕಿಜಿಯ ಹೊರಮಾರುಕಟ್ಟೆಯಿದೆ. ಕಸ ಹಾಕಲು ಒಂದು ಚೀಲ ಜೊತೆಗಿರಲಿ, ನಗರದಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ.

ಚಹಾ ಮುಗಿಸಿ ಹೊರಡುವಾಗ ಅದೇ ಕಲ್ಲಿನ ಬಳಿಗೆ ಹಿಂದಿರುಗಿ. ನೀರು ಇಳಿದಿದ್ದರೆ, ಅದು ಮುಚ್ಚಿದ್ದ ಭಾಗ ಇನ್ನೂ ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿರುತ್ತದೆ.