ಕಣ್ಣೀರಿನ ಪೋಸ್ಟ್ ನಿಜವೋ ಸುಳ್ಳೋ: ಮೂರು ಫೋನ್ ಕರೆಗಳ ನನ್ನ ಅನುಭವ

ಎರಡು ವರ್ಷ ಆಯಿತು, ನಮ್ಮ ಸಹಾಯನಿಧಿಯಿಂದ ವಾಟ್ಸಾಪ್, ಫೇಸ್‌ಬುಕ್ಕಿನಲ್ಲಿ ಚಿಕಿತ್ಸೆಗೆ ಹಣ ಕೇಳಿ ಬರುವ ಸುಳ್ಳು ಮನವಿಗೆ ಒಂದು ರೂಪಾಯಿಯೂ ಹೋಗಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ. ಶುರುವಿನಲ್ಲಿ "ಅಳುತ್ತಾ ಇರೋರ ಹತ್ರ ಬಿಲ್ ಕೇಳ್ತೀಯಲ್ಲ, ಮನುಷ್ಯನಾ ನೀನು?" ಎಂದು ಸ್ನೇಹಿತರೇ ಬೈದಿದ್ದರು. ಈಗ ಅವರೇ ಪೋಸ್ಟ್ ಬಂದ ಕೂಡಲೇ ನನಗೆ ಕಳಿಸಿ "ನೋಡಿ ಹೇಳಪ್ಪ" ಅನ್ನುತ್ತಾರೆ.

ನಾವು ಒಂದೇ ಹೈಸ್ಕೂಲಿನ ಮೂವತ್ತೆಂಟು ಜನ. ತಿಂಗಳಿಗೆ ತಲಾ 500 ರೂಪಾಯಿ ಹಾಕುತ್ತೇವೆ. ನನ್ನದು ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್, ಹಾಗಾಗಿ ಆಸ್ಪತ್ರೆ ಮನವಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಅದೇ ಫೋಟೋ ಬೇರೆಲ್ಲಾದರೂ ಇದೆಯಾ ಅಂತ ಗೂಗಲ್ ಲೆನ್ಸಿನಲ್ಲಿ ಹುಡುಕುವುದು, ಫೇಸ್‌ಬುಕ್ ಪೇಜಿನ ಹಳೇ ಹೆಸರು ನೋಡುವುದು, ಇವೆಲ್ಲ ನಿಮಗೂ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಮೊದಲ ಪೆಟ್ಟು ಬಿದ್ದಿದ್ದು 2019ರಲ್ಲಿ. ನಾಲ್ಕು ವರ್ಷದ ಮಗು, ಹೃದಯದ ಆಪರೇಷನ್. ಲೆನ್ಸಿನಲ್ಲಿ ಏನೂ ಸಿಗಲಿಲ್ಲ. ಸುಮಾರು 42 ಸಾವಿರ ಕಳಿಸಿದೆವು. ಮೂರು ವಾರಕ್ಕೆ ಅದೇ ಮಗು ಬೇರೆ ಹೆಸರಲ್ಲಿ ತೆಲುಗು ಪೋಸ್ಟಿನಲ್ಲಿ ಕಾಣಿಸಿತು. ಆಮೇಲೆ ಹಳೇ ಪೋಸ್ಟ್ ತೆಗೆದು ಅದರಲ್ಲಿದ್ದ ಔಷಧಿ ಬಿಲ್ಲನ್ನು ದೊಡ್ಡದು ಮಾಡಿ ನೋಡಿದೆ. ಎರಡನೇ ಸಾಲಿನಲ್ಲೇ ಪ್ಯಾರಸಿಟಮಾಲ್ 650 ಮಾತ್ರೆ, ಎರಡು ಸ್ಟ್ರಿಪ್. ಅದು ದೊಡ್ಡವರ ಮಾತ್ರೆ. ಆ ವಯಸ್ಸಿನ ಮಗುವಿಗೆ ಸಿರಪ್ ಕೊಡುತ್ತಾರೆ. ದಿನಾ ನನ್ನ ಕೈಯಾರೆ ಮಾರುವ ಮಾತ್ರೆ, ಆದರೂ ಕಣ್ಣಿಗೆ ಬಿದ್ದಿರಲಿಲ್ಲ. ಮಗುವಿನ ಮುಖ ನೋಡುತ್ತಾ ಬಿಲ್ ಓದಿರಲೇ ಇಲ್ಲ.

ಅಲ್ಲಿಂದ ನಾನು ಕಲ್ಲಾದೆ. ಕೆಂಪು ಅಕ್ಷರ, ಅಳುವ ಸಂಗೀತ, "ಶೇರ್ ಮಾಡದಿದ್ದರೆ ನೀವು ಮನುಷ್ಯರೇ ಅಲ್ಲ" ಅನ್ನೋ ಸಾಲು ಕಂಡರೆ ಸೀದಾ ಪಕ್ಕಕ್ಕೆ. ಇದರಿಂದ ಆದ ತಪ್ಪು 42 ಸಾವಿರಕ್ಕಿಂತ ದೊಡ್ಡದು. 2022ರಲ್ಲಿ ಹಾವೇರಿ ಕಡೆಯ ರೈತರೊಬ್ಬರ ಮಗಳ ಕಿಡ್ನಿ ತೊಂದರೆಯ ವಿಡಿಯೋ ಬಂತು. ಮೇಲೆ ಹೇಳಿದ್ದೆಲ್ಲ ಅದರಲ್ಲಿತ್ತು. ಬೇಡ ಅಂದೆ. ಎರಡು ತಿಂಗಳ ಮೇಲೆ ನನ್ನ ಅಂಗಡಿಗೆ ಬರುವ ಡಿಸ್ಟ್ರಿಬ್ಯೂಟರ್ ಹುಡುಗ "ಅವರು ನಮ್ಮೂರವರೇ ಸಾರ್" ಅಂದ. ಹೋಗಿ ನೋಡಿದೆ. ಕೊಟ್ಟಿಗೆಯಲ್ಲಿ ಗೂಟ ಇತ್ತು, ಹಸು ಇರಲಿಲ್ಲ. ಎರಡೂ ಮಾರಿದ್ದರು. ವಿಡಿಯೋ ಮಾಡಿದ್ದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಅವರ ತಂಗಿಯ ಮಗ. ಆ ರೈತರ ಫೋನಿನಲ್ಲಿ ವಾಟ್ಸಾಪೇ ಇರಲಿಲ್ಲ. "ಇರ್ಲಿ ಬಿಡ್ರಿ, ಚಾ ಕುಡೀರಿ" ಅಂದರು.

ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗಲೇ ಹೊಳೆದದ್ದು: ಕಷ್ಟ ಪಡುವವರು ಒಬ್ಬರು, ಪೋಸ್ಟ್ ಬರೆಯುವವರು ಇನ್ನೊಬ್ಬರು. ಬರವಣಿಗೆ ಎಷ್ಟೇ ನಾಟಕೀಯ ಆಗಿದ್ದರೂ ಕಷ್ಟ ನಿಜ ಇರಬಹುದು. ಹಾಗಾದರೆ ಬರವಣಿಗೆಯನ್ನು ಅಳೆದು ಏನು ಪ್ರಯೋಜನ?

ಖಾತ್ರಿಗೆ ಒಂದು ಪ್ರಯೋಗವನ್ನೂ ಮಾಡಿದೆ. ಆಗಲೇ ಸತ್ಯ ಗೊತ್ತಿದ್ದ ಅರವತ್ತು ಚಿಲ್ಲರೆ ಪೋಸ್ಟುಗಳನ್ನು ಪ್ರಿಂಟ್ ತೆಗೆದು ಹೆಂಡತಿಗೂ ಮಗಳಿಗೂ ಕೊಟ್ಟೆ. ಓದಿ ಹೇಳಿ, ನಿಜವೋ ಸುಳ್ಳೋ. ಇಬ್ಬರೂ ಹೆಚ್ಚುಕಮ್ಮಿ ಅರ್ಧಕ್ಕರ್ಧ ತಪ್ಪಿದರು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. "ಹಲವು ಬಾರಿ ಫಾರ್ವರ್ಡ್" ಗುರುತೂ ಕೆಲಸಕ್ಕೆ ಬರಲಿಲ್ಲ, ನಿಜವಾದ ಮನವಿಯೂ ಹಾಗೇ ಓಡಾಡುತ್ತದೆ. ಮೊತ್ತ ದೊಡ್ಡದು ಅಂತ ಅನುಮಾನ ಪಡುವುದನ್ನೂ ಬಿಟ್ಟೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಅನ್ನೋ, ಸ್ನಾಯುಗಳು ಕ್ಷೀಣಿಸುವ ಕಾಯಿಲೆ ಇರುವ ಮಕ್ಕಳಿಗೆ ಕೊಡುವ ಝೋಲ್ಗೆನ್ಸ್ಮಾ ಔಷಧಿಗೆ 16 ಕೋಟಿ ಆಸುಪಾಸು ಬೆಲೆ ಇದೆ. ಆ ಮನೆಯವರು 16 ಕೋಟಿ ಕೇಳಿದರೆ ಅದು ಲೆಕ್ಕ, ಸುಳ್ಳಲ್ಲ.

ಈಗ ನಾನು ಫೋಟೋ ನೋಡುವುದಿಲ್ಲ. ಫೋನ್ ಮಾಡುತ್ತೇನೆ. ಮೂರು ಸಲ.

ಮೊದಲನೇದು ಪೋಸ್ಟಿನಲ್ಲಿರುವ ನಂಬರಿಗೆ. ಕಾಯಿಲೆ ಬಗ್ಗೆ ಕೇಳುವುದೇ ಇಲ್ಲ. "ರಾತ್ರಿ ಊಟ ಎಲ್ಲಿ ಮಾಡ್ತೀರಿ? ಎಲ್ಲಿ ಮಲಗ್ತೀರಿ?" ಅಂತ ಕೇಳುತ್ತೇನೆ. ರೋಗಿಯ ಜೊತೆ ನಾಲ್ಕು ದಿನ ಕಳೆದವರ ಹತ್ತಿರ ಇದಕ್ಕೆ ಬೇಕಾದಷ್ಟು ಮಾತಿರುತ್ತದೆ. ಕ್ಯಾಂಟೀನಿನ ಅನ್ನ, ಸೆಕ್ಯೂರಿಟಿಯವನು ಬೆಳಗ್ಗೆ ಐದಕ್ಕೆ ಚಾಪೆ ಎತ್ತಿಸುವುದು, ಚಾರ್ಜರ್ ಹಾಕಲು ಜಾಗ ಇಲ್ಲದಿರುವುದು. ಸುಳ್ಳು ಹೇಳುವವರು ಮತ್ತೆ ಮಗುವಿನ ಕಣ್ಣೀರಿಗೇ ವಾಪಸ್ ಬರುತ್ತಾರೆ. ಆಮೇಲೆ ಬಿಪಿಎಲ್ ಕಾರ್ಡ್ ವಿಚಾರ. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅದು ಯಾಕೆ ಆಗಲಿಲ್ಲ? ನಿಜವಾದವರು ರೆಫರಲ್ ಪತ್ರಕ್ಕೆ ಅಲೆದ ಕಥೆಯನ್ನು ಹತ್ತು ನಿಮಿಷ ಹೇಳುತ್ತಾರೆ. ಸುಳ್ಳಾದರೆ "ಆಗಲ್ಲ ಅಂದ್ರು" ಅಷ್ಟೇ.

ಎರಡನೇ ಕರೆ ಮಾರನೇ ದಿನ, ಬೇರೆ ಹೊತ್ತಿನಲ್ಲಿ. ಅದರಲ್ಲಿ ನಾನು ಕೇಳುವ ಒಂದು ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮೋಸ ಮಾಡುವವರೂ ಓದುತ್ತಾರೆ.

ಮೂರನೇದು ಬಿಲ್ಲಿಂಗ್ ಕೌಂಟರಿಗೆ, ನಾನೇ ಹುಡುಕಿದ ಲ್ಯಾಂಡ್‌ಲೈನ್ ನಂಬರಿಗೆ. ಅಪರಿಚಿತರಿಗೆ ಆಸ್ಪತ್ರೆಯವರು ರೋಗಿಯ ವಿವರ ಕೊಡಲ್ಲ, ಕೊಡಲೂಬಾರದು. ಅದಕ್ಕೇ ಮನೆಯವರನ್ನು ಮೊದಲೇ ಕೌಂಟರ್ ಹತ್ತಿರ ನಿಲ್ಲಿಸಿರುತ್ತೇನೆ. ಯುಎಚ್‌ಐಡಿ, ಅಂದರೆ ಆಸ್ಪತ್ರೆ ರೋಗಿಗೆ ಕೊಡುವ ಗುರುತಿನ ನಂಬರ್ ಹೇಳಿ "ಈ ಲೆಕ್ಕಕ್ಕೆ ನೇರ ಹಣ ಕಟ್ಟಬಹುದಾ?" ಅಂತ ಮಾತ್ರ ಕೇಳುತ್ತೇನೆ. ಹಣ ಆಸ್ಪತ್ರೆಗೇ ಹೋಗುತ್ತದೆ ಅಂದ ಕೂಡಲೇ ಸುಳ್ಳು ಮನವಿಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ನಿಂತವು. ಫೋನೇ ಎತ್ತುವುದಿಲ್ಲ.

ಇಲ್ಲಿವರೆಗೆ ಹೀಗೆ ಎಪ್ಪತ್ತರ ಹತ್ತಿರ ಮನವಿ ನೋಡಿದ್ದೇನೆ. ಇಪ್ಪತ್ತೆರಡೋ ಇಪ್ಪತ್ಮೂರೋ ನಿಜ. ನಾಲ್ಕು ಲಕ್ಷಕ್ಕೆ ಸ್ವಲ್ಪ ಕಮ್ಮಿ ಕೊಟ್ಟಿದ್ದೇವೆ, ಪ್ರತಿಯೊಂದಕ್ಕೂ ಆಸ್ಪತ್ರೆ ರಸೀದಿ ಇದೆ. ಹಾವೇರಿಯವರ ಮಗಳ ಔಷಧಿ ಈಗ ನನ್ನ ಅಂಗಡಿಯಿಂದ ಕೊಂಡ ಬೆಲೆಗೇ ಹೋಗುತ್ತದೆ.

ಒಂದು ಕಡೆ ಇದು ಇನ್ನೂ ಸೋಲುತ್ತಿದೆ. ಗಾಯಗೊಂಡ ಬೀದಿನಾಯಿಗಳ ಮನವಿಗೂ ಇದನ್ನೇ ಮಾಡಿ ನೋಡಿದೆ, ಹನ್ನೊಂದು ಸಲ. ಐದೋ ಆರೋ ಬಿಟ್ಟರೆ ಉಳಿದದ್ದು ತೀರ್ಮಾನಕ್ಕೆ ಬರಲಿಲ್ಲ. ಬಹಳಷ್ಟು ಕಡೆ ಅಡ್ಮಿಟ್ ನಂಬರಿಲ್ಲ, ಬಿಲ್ಲಿಂಗ್ ಕೌಂಟರಿಲ್ಲ, ಜೊತೆಗೆ ಮಲಗುವವರಿಲ್ಲ. ಸದ್ಯಕ್ಕೆ ಹತ್ತಿರದ ಪಶುವೈದ್ಯರಿಗೆ ನಾವೇ ಫೀಸು ಕೊಟ್ಟು ನೋಡಿಸುತ್ತಿದ್ದೇವೆ, ಒಂದು ಸಲಕ್ಕೆ 600ರಿಂದ 800 ಖರ್ಚು ಬೀಳುತ್ತದೆ. ನಿಮ್ಮಲ್ಲಿ ಯಾರಿಗಾದರೂ ಇದಕ್ಕಿಂತ ಕಮ್ಮಿ ಖರ್ಚಿನ ದಾರಿ ಸಿಕ್ಕಿದ್ದರೆ ಹೇಳಿ, ಮುಂದಿನ ಮನವಿಗೇ ಮಾಡಿ ನೋಡುತ್ತೇನೆ.